ಟ್ಯಾಂಕಿಗೆ ಕಿವಿಯಿಟ್ಟವರು

ಅಜ್ಜನ ಮನೆ, ಅಡುಗೆಮನೆಯ ಮೇಜು
ಏಪ್ರಿಲ್ ೧೨, ಶನಿವಾರ, ಬೆಳಿಗ್ಗೆ

ಎತ್ತರದಲ್ಲಿ ಕೂತಿರುವ ನನ್ನ ಅಮ್ಮಾ,

ಹೇಗಿದ್ದೀಯ? ಬಲ ಭುಜದ ನೋವು ಹೇಗಿದೆ? ಕ್ರೇನಿನ ಕ್ಯಾಬಿನ್ನಿಗೆ ಹತ್ತುವ ಏಣಿ ಬೆಳಗಿನ ಮಂಜಿಗೆ ಜಾರುತ್ತದೆ ಎಂದು ಹೋದ ತಿಂಗಳು ಹೇಳಿದ್ದೆ. ಅವತ್ತಿನಿಂದ ನಾನು ಎದ್ದ ಕೂಡಲೇ ಮೊದಲು ನೆನೆಯುವುದು ಆ ಏಣಿಯನ್ನು. ಹಳೆಯ ಶೂ ಬಿಸಾಡಿ ಹೊಸದು ತಗೊಂಡೆಯಾ? ತಗೊಂಡಿರುವುದಿಲ್ಲ, ನನಗೆ ಗೊತ್ತು. ಅಡಿಭಾಗ ಸವೆದಿದ್ದರೂ ಮೇಲೆ ಪಾಲಿಶ್ ಮಾಡಿ ಇನ್ನೊಂದು ವರ್ಷ ಎಳೆಯುತ್ತೀಯ. ಊಟ ಹೊತ್ತಿಗೆ ಸರಿಯಾಗಿ ಆಗುತ್ತಿದೆಯಾ? ಬಂದರಿನ ಕ್ಯಾಂಟೀನಿನವನು ಈಗಲೂ ಸಾರಿಗೆ ಉಪ್ಪು ಹಾಕುವುದನ್ನು ಮರೆಯುತ್ತಾನಾ? ನನ್ನ ಆರೋಗ್ಯ ಚೆನ್ನಾಗಿದೆ, ನಿದ್ದೆ ಪರವಾಗಿಲ್ಲ, ಹಸಿವು ಜಾಸ್ತಿಯೇ ಇದೆ. ಅಜ್ಜನಿಗೆ ಮಂಡಿ ನೋವು ಬಿಟ್ಟರೆ ಬೇರೆ ಏನೂ ಇಲ್ಲ. ಪರೀಕ್ಷೆಗೆ ಓದಿಕೊಳ್ಳಲಿ ಎಂದು ಕೊಟ್ಟ ರಜೆಯಲ್ಲಿ ನಾನು ಪುಸ್ತಕದೊಳಗೆ ತಲೆ ಹಾಕಿದ್ದಕ್ಕಿಂತ ಹೆಚ್ಚು ಹೊತ್ತು ಕಾರಿನ ಬಾನೆಟ್ಟಿನೊಳಗೆ ಹಾಕಿದ್ದೇನೆ. ಬೈಯಬೇಡ. ಪೂರ್ತಿ ಓದಿದ ಮೇಲೆ ಬೇಕಾದರೆ ಬೈಯುವಿಯಂತೆ.

ಮೊದಲೇ ಒಂದು ಮಾತು. ಈ ಪತ್ರವನ್ನು ಅಂಚೆಗೆ ಹಾಕುವ ಮುಂಚೆ ಅಜ್ಜ ಓದುತ್ತಾರೆ. ನಾನು ಇಲ್ಲಿಗೆ ಬಂದಾಗಿನಿಂದ ಇದೊಂದು ಹೊಸ ಪದ್ಧತಿ. ನಾನು ಕನ್ನಡದಲ್ಲಿ ಬರೆದದ್ದನ್ನೆಲ್ಲ ಅವರು ಊಟ ಮುಗಿಸಿ, ಕನ್ನಡಕ ಒರೆಸಿಕೊಂಡು, ಕೆಂಪು ಪೆನ್ಸಿಲ್ ಹಿಡಿದು ತಿದ್ದುತ್ತಾರೆ. ಅಂಗಡಿಗೆ ಒಯ್ಯುವ ಸಾಮಾನಿನ ಚೀಟಿಯನ್ನೂ ಬಿಡುವುದಿಲ್ಲ. "ಹಾಸ್ಟೆಲಿನವರು ನಿನಗೆ ಅನ್ನ ಹಾಕಿದ್ರು, ಒತ್ತಕ್ಷರ ಹಾಕ್ಲಿಲ್ಲ" ಎನ್ನುತ್ತಾರೆ. ಒಂದನೇ ಕ್ಲಾಸಿನಿಂದ ಇಂಗ್ಲಿಷಿನಲ್ಲಿ ನಿದ್ದೆ ಮಾಡಿ ಇಂಗ್ಲಿಷಿನಲ್ಲಿ ಎದ್ದವಳು ನಾನು. ರಜೆಗೆ ಬಂದಾಗ ಮಾತ್ರ ಕನ್ನಡ. ಈ ತಿದ್ದುವ ಕೆಲಸದಿಂದ ಅವರಿಗೂ ಹೊತ್ತು ಹೋಗುತ್ತದೆ, ನನಗೂ ಬುದ್ಧಿ ಬರುತ್ತದೆ. ಆದ್ದರಿಂದ ಇಲ್ಲಿ ಅಲ್ಲಲ್ಲಿ ಕೆಂಪು ಗೆರೆ ಕಂಡರೆ ಗಾಬರಿಯಾಗಬೇಡ. ಗಾಬರಿಯ ಡಿಪಾರ್ಟ್‌ಮೆಂಟು ನನ್ನದು.

ಅವರು ಓದುತ್ತಾರೆಂದು ಗೊತ್ತಿದ್ದೂ ಮುಂದಿನ ನಾಲ್ಕು ಮಾತು ಬರೆಯುತ್ತೇನೆ. ಹೋದ ಭಾನುವಾರ ನೀನು ಫೋನ್ ಮಾಡಿದೆ. ಎಂದಿನ ಹಾಗೆ ಮೊದಲು ಅಜ್ಜನಿಗೆ ಕೊಡು ಎಂದೆ. ಅಜ್ಜ ತಗೊಂಡರು, "ಹೂಂ, ಚೆನ್ನಾಗಿದ್ದೀನಿ. ಹುಡುಗಿ ಇದ್ದಾಳೆ, ಮಾತಾಡು" ಎಂದು ಫೋನನ್ನು ಬಿಸಿ ಪಾತ್ರೆಯ ಹಾಗೆ ನನ್ನ ಕೈಗೆ ಇಟ್ಟುಬಿಟ್ಟರು. ಆಗ ನೀನು, ಈ ಸಲದ ರಜೆಯನ್ನೂ ಬಂದರಿನಲ್ಲೇ ಕಳೆಯುತ್ತೇನೋ ಏನೋ ಎಂದೆ. "ಎರಡು ಮಾತು ಆಡೋಕೂ ಮನಸ್ಸಿಲ್ಲದವರ ಮನೆಗೆ ಬಂದು ಏನು ಮಾಡ್ಲಿ?" ಎಂದೆ. ಅಪ್ಪ ತೀರಿಕೊಂಡ ಮೇಲೆ ನೀನು ಕ್ರೇನಿನ ಕೆಲಸಕ್ಕೆ ಹೊರಟಾಗ ಅಜ್ಜ ಆಡಿದ್ದ ಮಾತು ನಿನ್ನ ಎದೆಯಲ್ಲಿ ಇನ್ನೂ ಮುಳ್ಳಿನ ಹಾಗೆ ಕೂತಿದೆ ಎಂದು ನನಗೆ ಗೊತ್ತು. "ಆಕಾಶದಲ್ಲಿ ಕೂತು ಕಬ್ಬಿಣ ಎತ್ತೋಕೆ ನಿನ್ನ ಸಾಕಿದ್ದಾ" ಎಂದಿದ್ದರು. ಅವತ್ತು ಸ್ಟೇಷನ್ನಿಗೂ ಬರಲಿಲ್ಲ. ನಾನು ಆಗ ಚಿಕ್ಕವಳು. ರೈಲಿನ ಕಿಟಕಿಯಿಂದ ನೀನು ಜನರ ತಲೆಗಳ ಮೇಲಿಂದ ಯಾರನ್ನೋ ಹುಡುಕುತ್ತಿದ್ದೆ. ನನ್ನನ್ನೇ ಹುಡುಕುತ್ತಿದ್ದೀಯ ಎಂದುಕೊಂಡು ಜೋರಾಗಿ ಕೈಬೀಸಿದ್ದೆ. ಇದನ್ನೆಲ್ಲ ಓದಿ ಅಜ್ಜ ಏನು ಅಂದುಕೊಳ್ಳುತ್ತಾರೋ ಗೊತ್ತಿಲ್ಲ. ಬೈದರೆ ಬೈಯಲಿ. ಭಾನುವಾರದಿಂದ ನನಗೆ ಇರುವುದು ಒಂದೇ ಯೋಚನೆ: ನೀನು ಬರುತ್ತೀಯೋ ಇಲ್ಲವೋ.

ಈಗ ಕಾರಿನ ವಿಷಯ. ದೊರೆಸಾನಿಯ ನೆನಪಿದೆ ತಾನೆ? ಬಣ್ಣ ಮಾಸಿ ಈಗ ನೀಲಿಯೂ ಅಲ್ಲ ಬೂದಿಯೂ ಅಲ್ಲ. ಹಿಂದಿನ ಎಡಗಡೆ ಬಾಗಿಲನ್ನು ಈಗಲೂ ಸೊಂಟದಿಂದ ಗುದ್ದಿಯೇ ಮುಚ್ಚಬೇಕು. ಮಂಡಿ ನೋವು ಶುರುವಾದ ಮೇಲೆ ಅಜ್ಜ ಅದನ್ನು ಹೊರಗೆ ತೆಗೆದಿರಲಿಲ್ಲ. ನಾನು ಬಂದ ಎರಡನೇ ದಿನವೇ ಶೆಡ್ಡಿನ ಬಾಗಿಲು ತೆಗೆದು, ಟೈರಿಗೆ ಗಾಳಿ ಹೊಡೆಸಿ, ಹೊಸ ಬ್ಯಾಟರಿ ಕೂರಿಸಿದರು. ಯಾಕೆ ಎಂದು ಕೇಳಿದರೆ, "ನಿಮ್ಮಮ್ಮನ ರಜೆ ಯಾವಾಗಿಂದ?" ಎಂದು ನನ್ನನ್ನೇ ಕೇಳಿದರು. ಗೊತ್ತಿಲ್ಲ ಎಂದೆ. "ಗೊತ್ತಾದಾಗ ಗೊತ್ತಾಗ್ಲಿ, ಗಾಡಿ ರೆಡಿ ಇರ್ಬೇಕು" ಎಂದರು. ಕೀ ತಿರುಗಿಸಿದರು. ದೊರೆಸಾನಿ ಎದ್ದು ಕೂತಳು, ಆದರೆ ಹೊರಡಲಿಲ್ಲ. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಚಕ್ ಚಕ್ ಚಕ್ ಎಂದು ಎಷ್ಟು ಹೊತ್ತು ಬೇಕಾದರೂ. ಇಂಜಿನ್ ಮಾತ್ರ ಹಿಡಿಯುವುದಿಲ್ಲ. ಪಕ್ಕದ ಮನೆಯ ದರ್ಜಿ ಕಾಂಪೌಂಡಿನ ಮೇಲೆ ಗಲ್ಲ ಊರಿ ನಿಂತು, "ಏನ್ ಯಜಮಾನ್ರೇ, ನಿಮ್ಮ ಗಾಡಿ ಸಭೆ ಮುಂದೆ ಗಂಟಲು ಸರಿ ಮಾಡ್ಕೊಳ್ತಾನೇ ಇದೆ, ಭಾಷಣ ಯಾವಾಗ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಕನ್ನಡಿ ನೋಡಿಕೊಂಡೆ. ಅಮ್ಮಾ, ಕಾಲೇಜಿನಲ್ಲಿ ನನ್ನದೂ ಅದೇ ಪಾಡು. ಸೆಮಿನಾರಿನಲ್ಲಿ ಎದ್ದು ನಿಲ್ಲುತ್ತೇನೆ, ಉತ್ತರ ಬಾಯಿಯವರೆಗೂ ಬಂದಿರುತ್ತದೆ, ಗಂಟಲು ಸರಿ ಮಾಡಿಕೊಳ್ಳುತ್ತೇನೆ, ಅಷ್ಟರಲ್ಲಿ ಪಕ್ಕದವಳು ಹೇಳಿ ಮುಗಿಸಿರುತ್ತಾಳೆ. ಆದ್ದರಿಂದ ಈ ಕಾರನ್ನು ಸ್ಟಾರ್ಟ್ ಮಾಡಿಯೇ ತೀರಬೇಕೆಂಬ ಹಟ ನನಗೂ ಹಿಡಿಯಿತು. ಇದು ಹೊರಟರೆ ನೀನೂ ಹೊರಡುತ್ತೀಯ ಎಂದು ಯಾಕೋ ಅನ್ನಿಸಿಬಿಟ್ಟಿತ್ತು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಸ್ಟ್ಯಾಟಿಸ್ಟಿಕ್ಸ್ ಓದುವ ನನಗೆ ಗೊತ್ತಿಲ್ಲವೆಂದಲ್ಲ.

ಮೆಕ್ಯಾನಿಕ್ಕನ್ನು ಕರೆಯೋಣ ಎಂದರೆ ಅಜ್ಜ ಕೇಳಬೇಕಲ್ಲ. "ಗಿರಣೀಲಿ ಇನ್ನೂರು ಮಗ್ಗ ಒಟ್ಟಿಗೆ ಓಡ್ತಿರೋವಾಗ ಯಾವುದು ನರಳ್ತಿದೆ ಅಂತ ಬಾಗಿಲಲ್ಲೇ ನಿಂತು ಹೇಳ್ತಿದ್ದವನು ನಾನು. ಒಂದು ಇಂಜಿನ್ನಿನ ರೋಗ ಹೇಳೋಕೆ ಇನ್ನೊಬ್ಬ ಬರ್ಬೇಕಾ?" ಎಂದರು. ಅದು ಬಡಾಯಿಯಲ್ಲ, ಅವರ ಕಿವಿಯ ಕೀರ್ತಿ ಈ ಬೀದಿಗೆಲ್ಲ ಗೊತ್ತು. ಎದುರು ಮನೆಯ ಮಹಡಿಯಲ್ಲಿರುವ ಅವರ ಹಳೆಯ ಗಿರಣಿ ಗೆಳೆಯರು ಈಗಲೂ ಆ ಕತೆಗಳನ್ನು ಹೇಳುತ್ತಾರೆ. ಅವರಿಬ್ಬರ ಹರಟೆಯನ್ನು ನೀನು ನೋಡಬೇಕು. ಇವರು ಗೇಟಿನ ಹತ್ತಿರ, ಅವರು ಮಹಡಿಯ ಮೇಲೆ, ನಡುವೆ ಬಸ್ಸು ಲಾರಿಗಳ ಗದ್ದಲ. ಇಬ್ಬರ ಬಾಯಲ್ಲೂ ಸದ್ದಿಲ್ಲ, ತುಟಿ ಮಾತ್ರ ಆಡುತ್ತದೆ. ಮಗ್ಗಗಳ ಆರ್ಭಟದಲ್ಲಿ ಹಾಗೆ ಮಾತಾಡಿ ರೂಢಿಯಂತೆ. ನೋಡುವವರಿಗೆ ಇಬ್ಬರು ಮುದುಕರು ಮೀನಿನ ಹಾಗೆ ಬಾಯಿ ತೆಗೆದು ಮುಚ್ಚುತ್ತಿದ್ದಾರೆ ಎನಿಸುತ್ತದೆ. ಅವರು ಮಾತ್ರ ಅದರಲ್ಲೇ ದರ್ಜಿಯನ್ನು ಆಡಿಕೊಂಡು ಹೊಟ್ಟೆ ಹಿಡಿದು ನಗುತ್ತಿರುತ್ತಾರೆ.

ಅಜ್ಜ ಹೇಳಿಕೊಟ್ಟ ಪಾಠ ಇಷ್ಟು. ಸೆಲ್ಫ್ ತಿರುಗುತ್ತಿದೆ ಎಂದರೆ ಬ್ಯಾಟರಿ ಸರಿಯಿದೆ, ಆ ಕಡೆ ಹೋಗಬೇಡ. ಇಂಜಿನ್ ಹಿಡಿಯಬೇಕಾದರೆ ಅದಕ್ಕೆ ಮುಖ್ಯವಾಗಿ ಬೇಕಾದ್ದು ಪೆಟ್ರೋಲು ಮತ್ತು ಕಿಡಿ. ಎರಡರಲ್ಲಿ ಯಾವುದು ಬರುತ್ತಿಲ್ಲ, ಅದನ್ನು ಹುಡುಕು. ಟ್ಯಾಂಕಿನ ಮುಳ್ಳು ಅರ್ಧ ತೋರಿಸುತ್ತಿತ್ತು. ಮುಳ್ಳನ್ನು ನಂಬಬಾರದೆಂದು ಕ್ಯಾನಿನಲ್ಲಿ ಪೆಟ್ರೋಲು ತಂದು ಸುರಿದೆವು. ಆಮೇಲೆ ಪಂಪಿನ ಪರೀಕ್ಷೆ. ನಮ್ಮ ಕಾರಿನ ಪಂಪು ಟ್ಯಾಂಕಿನೊಳಗೇ ಇದೆ. ಕೀಯನ್ನು ಪೂರ್ತಿ ತಿರುಗಿಸದೆ ಅರ್ಧಕ್ಕೆ ನಿಲ್ಲಿಸಿದರೆ ಅದು ಒಂದು ಕ್ಷಣ 'ಜುಂಯ್' ಎಂದು ಸಣ್ಣಗೆ ಹಾಡಿ ನಿಲ್ಲುತ್ತದೆ. ಪೆಟ್ರೋಲು ಹಾಕುವ ಮುಚ್ಚಳ ತೆಗೆದು ಅಲ್ಲಿ ಕಿವಿಯಿಟ್ಟರೆ ಕೇಳಿಸುತ್ತದೆ. ಇದಕ್ಕೆ ಇಬ್ಬರು ಬೇಕು. ಅಜ್ಜ ಮುಂದೆ ಕೂತು ಕೀ ತಿರುಗಿಸಿದರು. ನಾನು ಹಿಂದೆ ಬಗ್ಗಿ ಟ್ಯಾಂಕಿಗೆ ಕಿವಿಯಿಟ್ಟು, "ಹಾಡ್ತಾ ಇದೆ" ಎಂದೆ. ಪಂಪು ಸರಿಯಿದೆ ಎಂದು ತೀರ್ಮಾನವಾಯಿತು.

ಅಲ್ಲಿಂದ ಶುರುವಾಯಿತು ನೋಡು ನಮ್ಮ ಪೀಕಲಾಟ. ಶೆಡ್ಡಿನ ಬಾಗಿಲು ಹಾಕಿ ಕತ್ತಲು ಮಾಡಿಕೊಂಡು ಕಿಡಿ ನೋಡಿದೆವು. ಪ್ಲಗ್ಗನ್ನು ಬಿಚ್ಚಿ, ಅದರ ವೈರಿಗೆ ಸಿಕ್ಕಿಸಿ, ಇಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಸೆಲ್ಫ್ ಹೊಡೆದರೆ ನೀಲಿ ಕಿಡಿ ಟಪ್ ಟಪ್ ಎಂದು ಹಾರಿತು. ಎಷ್ಟು ಚೆಂದ ಗೊತ್ತಾ? ನಾನು ಇನ್ನೊಮ್ಮೆ, ಇನ್ನೊಮ್ಮೆ ಎಂದು ನೋಡಿದೆ. ಅಂದರೆ ಕಿಡಿ ಇದೆ. ಆದರೆ ಬಿಚ್ಚಿದ ಪ್ಲಗ್ಗಿನ ತುದಿ ಒಣಗಿತ್ತು. ಇಷ್ಟೆಲ್ಲ ಸೆಲ್ಫ್ ಹೊಡೆದ ಮೇಲೆ ಅದು ಪೆಟ್ರೋಲಿನಲ್ಲಿ ತೊಯ್ದು ವಾಸನೆ ಬರಬೇಕಿತ್ತು. ಅಜ್ಜ ಅದನ್ನು ಮೂಗಿನ ಹತ್ತಿರ ಹಿಡಿದು, "ಇವಳು ಉಪವಾಸ ಇದ್ದಾಳೆ" ಎಂದರು. ಪಂಪು ಹಾಡುತ್ತಿದೆ, ಪ್ಲಗ್ಗು ಒಣಗಿದೆ; ಹಾಗಾದರೆ ನಡುವೆ ಎಲ್ಲೋ ಕಟ್ಟಿಕೊಂಡಿದೆ. ಫಿಲ್ಟರ್ ಬದಲಾಯಿಸಿದೆವು. ಹಳೆಯದು ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಇದೇ ಇರಬೇಕೆಂದು ಇಬ್ಬರೂ ಹಿಗ್ಗಿದೆವು. ಚಕ್ ಚಕ್ ಚಕ್. ಪೈಪು ಬಿಚ್ಚಿ ಊದಿದೆವು. ನನ್ನ ಬಾಯಿಯೆಲ್ಲ ಪೆಟ್ರೋಲು. ದರ್ಜಿ ಕಾಂಪೌಂಡಿನಿಂದ, "ಪಾಪ, ಹುಡುಗಿ ಒಳಗೂ ಸ್ವಲ್ಪ ಹಾಕ್ಬಿಟ್ರಾ? ಅವಳಾದ್ರೂ ಸ್ಟಾರ್ಟ್ ಆಗ್ಲಿ" ಎಂದ. ತಳ್ಳಿ ನೋಡೋಣ ಎಂದವನೂ ಅವನೇ. ಅವನು, ಅವನ ಹೆಂಡತಿ, ನಾನು, ಪೇಪರಿನವನು, ನಾಲ್ಕೂ ಜನ ಇಳಿಜಾರಿನವರೆಗೆ ತಳ್ಳಿದೆವು. ಅಜ್ಜ ಸ್ಟಿಯರಿಂಗ್ ಹಿಡಿದು ಮದುಮಗನ ಹಾಗೆ ಗಂಭೀರವಾಗಿ ಕೂತಿದ್ದರು. ದೊರೆಸಾನಿ ಎರಡು ಸಲ ಮುಗ್ಗರಿಸಿ ನಿಂತಳು. ವಾಪಸ್ ತಳ್ಳಿಕೊಂಡು ಬರುವಾಗ ಏರು.

ಹೀಗೇ ಒಂದು ವಾರ ಹೋಯಿತು. ಅಜ್ಜ ರಾತ್ರಿ ಊಟದಲ್ಲಿ ತಟ್ಟೆಯನ್ನೇ ನೋಡುತ್ತ ಕೂರುತ್ತಿದ್ದರು. ಅವರ ಯೋಚನೆ ಏನೆಂದು ನನಗೆ ಗೊತ್ತಿತ್ತು: ಹುಡುಗಿಯ ರಜೆ ಮುಗಿಯುತ್ತದೆ, ಮಗಳು ಬರುವ ದಿನ ಹತ್ತಿರವಾಗುತ್ತದೆ, ಗಾಡಿ ಶೆಡ್ಡಿನಲ್ಲೇ ಇರುತ್ತದೆ. ನಾನು ಮಾತ್ರ ನನ್ನ ಸ್ಟ್ಯಾಟಿಸ್ಟಿಕ್ಸ್ ಪುಸ್ತಕ ತೆಗೆದಿಟ್ಟುಕೊಂಡು ಕಾರನ್ನೇ ಯೋಚಿಸುತ್ತಿದ್ದೆ. ನಮ್ಮ ಮೇಡಂ ಒಮ್ಮೆ ಹೇಳಿದ್ದರು, ಎಲ್ಲ ಹೆಜ್ಜೆಗಳೂ ಸರಿಯಿದ್ದು ಉತ್ತರ ಮಾತ್ರ ತಪ್ಪು ಬಂದರೆ ಕೊನೆಯ ಹೆಜ್ಜೆಯನ್ನು ತಿಕ್ಕುತ್ತ ಕೂರಬೇಡಿ, ನೀವು ಪರೀಕ್ಷಿಸದೆ ನಂಬಿದ ಮೊದಲ ಸಾಲಿಗೆ ವಾಪಸ್ ಹೋಗಿ ಎಂದು. ಕ್ಲಾಸಿನಲ್ಲಿ ಅದನ್ನು ಬರೆದುಕೊಂಡಿದ್ದೆ, ಅರ್ಥವಾಗಿರಲಿಲ್ಲ. ನಾವು ನಂಬಿದ ಮೊದಲ ಸಾಲು ಪಂಪಿನ ಹಾಡು. ಅದೊಂದು ಸಲವೇ ಕೇಳಿದ್ದು, ಆಮೇಲೆ ಅದರ ಮೇಲೆಯೇ ಮನೆ ಕಟ್ಟಿದ್ದು.

ಗುರುವಾರ ಮಧ್ಯಾಹ್ನ ಅಜ್ಜನನ್ನು ಮುಂದೆ ಕೂರಿಸಿ, ನಾನು ಹಿಂದಿನ ಸೀಟಿನ ಮೆತ್ತೆ ಎತ್ತಿದೆ. ಅದರ ಕೆಳಗೆ ಒಂದು ತಗಡಿನ ಮುಚ್ಚಳ, ಅದನ್ನು ತೆಗೆದರೆ ಟ್ಯಾಂಕಿನ ತಲೆ. ಅಲ್ಲೇ ಕಿವಿಯಿಟ್ಟೆ. ಅಜ್ಜ ಕೀ ತಿರುಗಿಸಿದರು. ಸದ್ದಿಲ್ಲ. ಇನ್ನೊಮ್ಮೆ ತಿರುಗಿಸಿದರು. ಸದ್ದಿಲ್ಲ. ಅಜ್ಜ ಇಳಿದು ಬಂದು ಟ್ಯಾಂಕಿನ ಮೇಲೆ ಅಂಗೈ ಇಟ್ಟರು, ನಾನು ಹೋಗಿ ಕೀ ತಿರುಗಿಸಿದೆ. ಅವರು ಕೈ ಹಾಗೇ ಇಟ್ಟುಕೊಂಡು ತುಂಬ ಹೊತ್ತು ನಿಂತರು. ಆಮೇಲೆ, "ಅಲುಗ್ತಾ ಇಲ್ಲ" ಎಂದರು, ಅಷ್ಟೇ. ನನ್ನ ಕಿವಿ ನಂಬಿ ಅವರು ಒಂದು ವಾರ ಹಾಳು ಮಾಡಿಕೊಂಡರು ಅಮ್ಮಾ, ಆದರೂ ಒಂದು ಮಾತು ಬೈಯಲಿಲ್ಲ. ಕರ್ಚೀಫು ತೆಗೆದು ಬೆರಳೊಂದೊಂದನ್ನೇ ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತರು.

ಪಂಪಿಗೆ ಕರೆಂಟು ತರುವ ವೈರಿನ ಕೊಂಡಿಯನ್ನು ಎಳೆದು ನೋಡಿದರೆ ಒಳಗಿನ ಪಿನ್ನುಗಳ ಮೇಲೆ ಹಸಿರು ಪಾಚಿಯ ಹಾಗೆ ಕಿಲುಬು. ಇಷ್ಟೇ. ಒಂದು ವಾರದ ಗೋಳೆಲ್ಲ ಇಷ್ಟಕ್ಕೆ. ಉಜ್ಜಲು ಅಜ್ಜನ ಪೆಟ್ಟಿಗೆಯ ಅರ ಅಷ್ಟು ಸಣ್ಣ ಸಂದಿಗೆ ಹೋಗಲಿಲ್ಲ. ನೀನು ಕಳಿಸಿದ್ದ ಮೇಕಪ್ ಡಬ್ಬಿಯಲ್ಲಿ ಉಗುರು ತಿಕ್ಕುವ ಸಣ್ಣ ಅರ ಇತ್ತಲ್ಲ, ಅದನ್ನು ತಂದೆ. ಇಷ್ಟು ವರ್ಷದಲ್ಲಿ ಅದಕ್ಕೆ ಸಿಕ್ಕ ಮೊದಲ ಕೆಲಸ. ಪಿನ್ನು ಹಿತ್ತಾಳೆಯ ಬಣ್ಣಕ್ಕೆ ಬರುವವರೆಗೆ ಉಜ್ಜಿ, ಕೊಂಡಿ ಸಿಕ್ಕಿಸಿ, ಅಜ್ಜನನ್ನು ಕರೆದು ಮತ್ತೆ ಟ್ಯಾಂಕಿನ ಮೇಲೆ ಕೈ ಇಡಿಸಿ, ಕೀ ಅರ್ಧ ತಿರುಗಿಸಿದೆ. ಜುಂಯ್. ನನಗೆ ಅಳು ಬಂತು, ನಿಜ ಹೇಳುತ್ತೇನೆ. ಅಜ್ಜ ಟ್ಯಾಂಕಿನ ಮೇಲಿಂದ ಕೈ ತೆಗೆಯದೆ, "ಪೂರ್ತಿ ತಿರುಗ್ಸು" ಎಂದರು. ಎರಡನೇ ಸಲಕ್ಕೆ ಹಿಡಿಯಿತು. ಹೊಗೆಯೇನೋ ಬಂತು, ಕೆಮ್ಮೂ ಬಂತು, ಆದರೆ ಹಿಡಿಯಿತು. ಶೆಡ್ಡಿನ ತಗಡೆಲ್ಲ ನಡುಗಿತು. ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಹೊರಗೆ ಬಂದು, "ಅಂತೂ ಭಾಷಣ ಶುರುವಾಯ್ತಪ್ಪ" ಎಂದು ಚಪ್ಪಾಳೆ ತಟ್ಟಿದ. ನಿನ್ನೆ ಬೀದಿಯ ಕೊನೆಯವರೆಗೆ ಹೋಗಿ ಬಂದೆವು. ನಾನೇ ಓಡಿಸಿದೆ, ಅಜ್ಜ ಪಕ್ಕದಲ್ಲಿ. ಮೂರನೇ ಗೇರಿಗೆ ಹಾಕುವಾಗ ಕಣ್ಣು ಮುಚ್ಚಿಕೊಂಡೆನಂತೆ. ಸುಳ್ಳು.

ಹೀಗಿದೆ ವಿಷಯ. ಗಾಡಿ ರೆಡಿ ಇದೆ. ಇನ್ನು ಮುಂದಿನದು ನಿನ್ನ ಕೈಯಲ್ಲಿ. ಒತ್ತಾಯ ಮಾಡುವುದಿಲ್ಲ, ನನಗೆ ಒತ್ತಾಯ ಮಾಡಲು ಬರುವುದಿಲ್ಲ, ಒಳಗೊಳಗೇ ಗೋಳಾಡಲು ಮಾತ್ರ ಬರುತ್ತದೆ. ಅಡುಗೆಮನೆಯ ಕಿಟಕಿಯ ಹತ್ತಿರ ಅಜ್ಜ ಆಗಲೇ ಪೆನ್ಸಿಲ್ ಚೂಪು ಮಾಡಿಕೊಳ್ಳುತ್ತ, "ಮುಗೀತಾ ನಿನ್ನ ಮಹಾಭಾರತ?" ಎಂದು ಎರಡು ಸಲ ಕೇಳಿದರು. ಏಣಿ ಹತ್ತುವಾಗ ಎರಡು ಕೈಯಲ್ಲೂ ಹಿಡಿದುಕೋ. ಊಟ ಬಿಡಬೇಡ. ಕ್ಯಾಬಿನ್ನಿನಿಂದ ಕಡಲು ಕಂಡಾಗ ನನ್ನ ಕಡೆಯಿಂದಲೂ ಒಮ್ಮೆ ನೋಡು. ದರ್ಜಿಯವರ ಮನೆಯವರೆಲ್ಲ ನಿನ್ನನ್ನು ಕೇಳಿದ್ದಾರೆ.

ನಿನ್ನ ಮಡಿಲಲ್ಲಿ ಈಗಲೂ ನನ್ನ ತಲೆ ಹಿಡಿಸುತ್ತದೆ ಎಂದು ನಂಬಿರುವ,
ನಿನ್ನ ಗಾಬರಿ ಗುಬ್ಬಿ

ತಾ.ಕ.: ಅಮ್ಮಾ, ಇದನ್ನು ಅಂಚೆಕಚೇರಿಯ ಅಂಟಂಟು ಮೇಜಿನ ಮೇಲೆ, ದಾರ ಕಟ್ಟಿದ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಡಬ್ಬಿ ತೆಗೆಯುವವನು ಚೀಲ ಹಿಡಿದು ಬಂದಿದ್ದಾನೆ, ಅಕ್ಷರ ಹೇಗಿದ್ದರೂ ಓದಿಕೋ. ಮೇಲೆ ನಾನೊಂದು ಸುಳ್ಳು ಬರೆದಿದ್ದೇನೆ. ಮೊದಲ ದಿನ ಮುಂದೆ ಕೂತು ಕೀ ತಿರುಗಿಸಿದ್ದು ನಾನು. ಟ್ಯಾಂಕಿಗೆ ಕಿವಿಯಿಟ್ಟು "ಹಾಡ್ತಾ ಇದೆ" ಎಂದದ್ದು ಅಜ್ಜ. ಅವರ ಕಿವಿಯಲ್ಲವೇ ಎಂದು ನಾನು ಎದ್ದು ಹೋಗಿ ಕೇಳಲೇ ಇಲ್ಲ. ಗುರುವಾರ ಹಿಂದಿನ ಸೀಟಿನಿಂದ, "ಅಜ್ಜಾ, ಸದ್ದೇ ಇಲ್ಲ" ಎಂದೆ. ಅವರು ಮುಂದೆ ನೋಡುತ್ತಲೇ, "ಹೂಂ, ಹಾಡ್ಲಿ ಹಾಡ್ಲಿ" ಎಂದರು. ಮತ್ತೆ ಜೋರಾಗಿ ಹೇಳಿದೆ. ಅದೇ ಉತ್ತರ. ಪರೀಕ್ಷಿಸಲೆಂದೇ, "ಅಜ್ಜಾ, ಕಾರಿಗೆ ಬೆಂಕಿ ಬಿದ್ದಿದೆ" ಎಂದೆ. ತಲೆಯಾಡಿಸಿ, "ಹೂಂ, ನಾನು ಹೇಳ್ಲಿಲ್ವಾ" ಎಂದರು.

ಅವರಿಗೆ ಕಿವಿ ಕೇಳಿಸುವುದಿಲ್ಲ ಅಮ್ಮಾ. ಎಷ್ಟೋ ದಿನದಿಂದ. ಎದುರಿಗೆ ನಿಂತು ಮಾತಾಡಿದರೆ ಗಿರಣಿಯ ರೂಢಿಯಲ್ಲಿ ತುಟಿ ನೋಡಿ ತಿಳಿದುಕೊಳ್ಳುತ್ತಾರೆ, ಅದಕ್ಕೇ ಯಾರಿಗೂ ಗೊತ್ತಾಗಿಲ್ಲ. "ಮುಖ ನೋಡಿ ಮಾತಾಡು, ಗೋಡೆಗೆ ಹೇಳ್ತಿದ್ದೀಯಾ?" ಎಂದು ಗದರಿಸುತ್ತಿದ್ದದ್ದನ್ನು ನಾವು ಶಿಸ್ತು ಎಂದುಕೊಂಡಿದ್ದೆವು. ಫೋನಿಗೆ ತುಟಿ ಇಲ್ಲವಲ್ಲ. ಅವತ್ತು ಮೆಟ್ಟಿಲ ಮೇಲೆ ಕೂತು, "ಇದು ನಿಮ್ಮಮ್ಮನಿಗೆ ಗೊತ್ತಾಗೋದು ಬೇಡ. ಕೆಲಸ ಬಿಟ್ಟು ಬಂದ್ಬಿಡ್ತಾಳೆ. ಅಷ್ಟು ಎತ್ತರಕ್ಕೆ ಹತ್ತಿದವಳು ನನ್ನ ಕಿವಿಗೋಸ್ಕರ ಇಳೀಬಾರ್ದು" ಎಂದರು. ನಾನು ಮಾತು ಕೊಟ್ಟೆ. ಅದಕ್ಕೇ ಪತ್ರದಲ್ಲಿ ತಪ್ಪನ್ನು ನನ್ನ ಮೇಲೆ ಹಾಕಿಕೊಂಡು, ನಿಜವನ್ನು ಇಲ್ಲಿ ಕದ್ದು ಬರೆಯೋಣ ಎಂದು ಬಂದೆ. ಕೊಟ್ಟ ಮಾತು ಮುರಿಯುತ್ತಿದ್ದೇನೆಂದು ಗೊತ್ತಿತ್ತು.

ಈಗ ಈ ಹಾಳೆಯನ್ನು ಒಳಗಿಡಲು ಪತ್ರ ಬಿಚ್ಚಿ ನೋಡಿದರೆ ಅಜ್ಜ ಈ ಸಲ ಒಂದು ಒತ್ತಕ್ಷರವನ್ನೂ ತಿದ್ದಿಲ್ಲ. ಇಡೀ ಪತ್ರದಲ್ಲಿ ಕೆಂಪು ಗೆರೆ ಇರುವುದು ಒಂದೇ ಕಡೆ. ನೀನೂ ಅಲ್ಲಿ ನಿಂತೇ ಮುಂದೆ ಬಂದಿರುತ್ತೀಯ. "ನಾನು ಹಿಂದೆ ಬಗ್ಗಿ" ಎಂಬಲ್ಲಿ 'ನಾನು' ಹೊಡೆದುಹಾಕಿ 'ಅಜ್ಜ' ಎಂದು ಬರೆದಿದ್ದಾರೆ. ಕೀ ತಿರುಗಿಸಿದ ಕಡೆ 'ಅಜ್ಜ' ಹೊಡೆದು 'ಹುಡುಗಿ' ಮಾಡಿದ್ದಾರೆ. ಅಂಚಿನಲ್ಲಿ ಸಣ್ಣಗೆ: "ಇವಳ ತಪ್ಪಲ್ಲ. ನನಗೆ ಕೇಳಿಸುವುದಿಲ್ಲ. ಫೋನಿನಲ್ಲೂ." ಭಾನುವಾರ ನೀನು ಹೇಳಿದ ಮಾತನ್ನು ಓದಿದ ಮೇಲೆ ಬರೆದದ್ದು. ಕೈಗೆ ಕವರು ಕೊಡುವಾಗ ನನ್ನ ಮುಖ ನೋಡದೆ, "ಬೇಗ ಹಾಕಿ ಬಾ, ಡಬ್ಬಿ ತೆಗೀತಾರೆ" ಎಂದಿದ್ದರು.

ನೀನೂ ನಾನೂ ನಂಬಿದ್ದ ಮೊದಲ ಸಾಲು ತಪ್ಪಿತ್ತಮ್ಮಾ. ಕೋಪ ಅಲ್ಲ ಅದು. ಇನ್ನು ಅವರಿಗೆ ಫೋನ್ ಬೇಡ, ಕಾಗದ ಬರಿ, ಕಣ್ಣು ಚೆನ್ನಾಗಿದೆ. ಕೆಲಸ ಬಿಡಬೇಡ, ರಜೆಗೆ ಬಾ. ದಿನ ತಿಳಿಸು, ಸ್ಟೇಷನ್ನಿಗೆ ದೊರೆಸಾನಿಯಲ್ಲಿ ಇಬ್ಬರೂ ಬರುತ್ತೇವೆ. ಇಳಿದವಳೇ ಅಜ್ಜನ ಎದುರಿಗೆ, ಬೆಳಕಿನಲ್ಲಿ ನಿಂತು ಮಾತಾಡು. ರೈಲು ಎಷ್ಟು ಕೂಗಿದರೂ ಪರವಾಗಿಲ್ಲ. ಆ ಗದ್ದಲದಲ್ಲಿ ನೀನು ಹೇಳಿದ್ದು ನನಗೆ ಕೇಳಿಸಲಿಕ್ಕಿಲ್ಲ, ಅವರಿಗೆ ಪೂರ್ತಿ ತಿಳಿಯುತ್ತದೆ.